ಉಚಿತ ಡಯಾಲಿಸಿಸ್‌ಗೆ ವರ್ಷಕ್ಕೆ ಎಷ್ಟು ಖರ್ಚು? ಮೂಡಿಗೆರೆ ಕಡೆಯ ಒಂದು ಮನೆಯ ಲೆಕ್ಕ

ಕೊಟ್ಟಿಗೆಹಾರದಿಂದ ಒಳಗೆ ಏಳೆಂಟು ಕಿಲೋಮೀಟರ್ ದೂರದಲ್ಲಿ ಕಾಫಿ ತೋಟದ ಒಂದು ಲೈನ್ ಮನೆ, ಎಂದರೆ ಕಾರ್ಮಿಕರಿಗೆಂದು ಮಾಲೀಕರು ಕಟ್ಟಿಸಿದ ಸಾಲುಮನೆ. ಯಜಮಾನನಿಗೆ 52 ವರ್ಷ, ತೂಕ 55 ಕೆ.ಜಿ. ಸಕ್ಕರೆ ಕಾಯಿಲೆ ಹಳೆಯದು, ಈಗ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ಹೆಂಡತಿ ಅದೇ ತೋಟದಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಮಗಳು ದ್ವಿತೀಯ ಪಿಯುಸಿ. ಜೊತೆಗೆ ಯಜಮಾನನ ತಾಯಿ ಇದ್ದಾರೆ, ಎಪ್ಪತ್ತು ದಾಟಿದವರು. ಮನೆಗೆ ಬಿಪಿಎಲ್ ಕಾರ್ಡ್ ಇದೆ. ಡಯಾಲಿಸಿಸ್ ಚಿಕ್ಕಮಗಳೂರಿನಲ್ಲಿ, ವಾರಕ್ಕೆ ಮೂರು ಸಲ, ಪೂರ್ತಿ ಉಚಿತ.

ಇದು ಯಾರದೋ ಒಬ್ಬರ ಮನೆಯಲ್ಲ, ಮನೆಮನೆಗೆ ಹೋಗಿ ಇಂಥ ಖರ್ಚು ಬರೆದುಕೊಳ್ಳುವವರಿಗೆ ಲೆಕ್ಕದ ಕ್ರಮ ತೋರಿಸಲು ಕಟ್ಟಿಕೊಂಡ ಮಾದರಿ. ಕೂಲಿ, ಬಸ್ ಚಾರ್ಜು, ಔಷಧಿ, ಪಾಳಿಯ ಹೊತ್ತು ಎಲ್ಲವೂ ನಾವು ಹಿಡಿದುಕೊಂಡವು. ತಾಲ್ಲೂಕು ಮಟ್ಟದಲ್ಲಿ ಜಾಗ ಸಿಗುವವರೆಗೆ ಜಿಲ್ಲಾ ಕೇಂದ್ರಕ್ಕೇ ಹೋಗಬೇಕು ಎಂಬುದೂ ಹಾಗೆ ಹಿಡಿದದ್ದೇ. ಓದುವವರು ತಮ್ಮ ಊರಿನ ಅಂಕಿ ಹಾಕಿಕೊಂಡರೆ ಉತ್ತರ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ. ಯಂತ್ರದ ಅಳತೆಗಳು, ಯೋಜನೆಗಳ ನಿಯಮಗಳು ಮಾತ್ರ ಇರುವಂತೆಯೇ ಇವೆ.

ಮೂರು ಲೆಕ್ಕದ ಪುಸ್ತಕ

ಒಂದೇ ಡಯಾಲಿಸಿಸ್‌ನ ಖರ್ಚು ಮೂರು ಕಡೆ ಬರೆಯಲ್ಪಡುತ್ತದೆ. ಮೊದಲನೆಯದು ಸರ್ಕಾರದ ಪುಸ್ತಕ. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾದದ್ದು 2016ರಲ್ಲಿ. ಅದರ ಖಾಸಗಿ ಸಹಭಾಗಿತ್ವದ ಮಾದರಿಯಲ್ಲಿ ಯಂತ್ರ, ನೀರು ಶುದ್ಧ ಮಾಡುವ ಆರ್‌ಓ ಘಟಕ, ರಕ್ತ ಸೋಸುವ ಡಯಲೈಸರ್, ಕೊಳವೆಗಳು, ಸಿಬ್ಬಂದಿ ಗುತ್ತಿಗೆ ಸಂಸ್ಥೆಯ ಜವಾಬ್ದಾರಿ. ಜಾಗ, ನೀರು, ಕರೆಂಟು, ಔಷಧಿ ಆಸ್ಪತ್ರೆಯ ಜವಾಬ್ದಾರಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕಾದರೆ ಯೋಜನೆಯಲ್ಲಿ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ₹1.5 ಲಕ್ಷದ ಮಿತಿಯೊಳಗೆ.

ಎರಡನೆಯದು ಘಟಕದ ಪುಸ್ತಕ. ಡಯಾಲಿಸಿಸ್ ದ್ರವ ನಿಮಿಷಕ್ಕೆ 500 ಮಿ.ಲೀ. ಹರಿಯುತ್ತದೆ, ನಾಲ್ಕು ಗಂಟೆಗೆ 120 ಲೀಟರ್ ಬೇಕು. 36.83 ಪಟ್ಟಿನ ಮಿಶ್ರಣವಾದರೆ, ಎಂದರೆ ಒಟ್ಟು 36.83 ಪಾಲಿನಲ್ಲಿ ಒಂದು ಪಾಲು ಆಸಿಡ್ ದ್ರಾವಣವಾದರೆ, ಅದರಲ್ಲಿ ಆಸಿಡ್ ದ್ರಾವಣ ಸುಮಾರು 3.3 ಲೀಟರ್, ಉಳಿದದ್ದು ಬೈಕಾರ್ಬೊನೇಟ್ ಮತ್ತು ಆರ್‌ಓ ನೀರು. ಆರ್‌ಓ ಘಟಕ ಅರ್ಧ ನೀರನ್ನು ಚೆಲ್ಲುತ್ತದೆ ಎಂದರೂ ಒಬ್ಬರಿಗೆ ಒಂದು ಸಲಕ್ಕೆ 240 ಲೀಟರ್ ಹಸಿ ನೀರು ಖರ್ಚು. ನಾಲ್ಕು ಯಂತ್ರ, ಮೂರು ಪಾಳಿ ಎಂದರೆ ದಿನಕ್ಕೆ 2,880 ಲೀಟರ್, ಯಂತ್ರ ತೊಳೆಯುವ ನೀರು ಬೇರೆ. "ಇನ್ನೊಂದು ಪಾಳಿ ಹಾಕಿ" ಎನ್ನುವುದು ಸುಲಭ. ಆದರೆ ಆ ಪಾಳಿಯ ನೀರು, ಕರೆಂಟು ಆಸ್ಪತ್ರೆಯ ಪುಸ್ತಕಕ್ಕೆ ಹೋಗುತ್ತವೆ, ತಂತ್ರಜ್ಞನ ಸಂಬಳ ಗುತ್ತಿಗೆದಾರರ ಪುಸ್ತಕಕ್ಕೆ. ಇಬ್ಬರ ಒಪ್ಪಿಗೆಯೂ ಬೇಕಾಗುವುದರಿಂದ ನಾಲ್ಕನೆಯ ಪಾಳಿ ಮಾತಿನಲ್ಲೇ ಉಳಿಯುತ್ತದೆ.

ಮೂರನೆಯದು ಮನೆಯ ಪುಸ್ತಕ. ಇದನ್ನು ಯಾರೂ ಬರೆದಿಡುವುದಿಲ್ಲ. ನಮ್ಮ ಕೆಲಸ ಇರುವುದೇ ಇಲ್ಲಿ.

ಒಂದು ದಿನ, ಹನ್ನೆರಡೂವರೆ ಗಂಟೆ

ಘಟಕದ ಪಾಳಿಗಳು 7ರಿಂದ 11, 12ರಿಂದ 4, 5ರಿಂದ 9. ನಡುವಿನ ಒಂದು ಗಂಟೆ ಯಂತ್ರ ತೊಳೆದು, ಸೋಂಕು ನಿವಾರಿಸಿ, ಹೊಸ ಡಯಲೈಸರ್ ಕಟ್ಟಲು. ನಮ್ಮ ಮನೆಯವರಿಗೆ ನಡುವಿನ ಪಾಳಿ ಸಿಕ್ಕಿದೆ. ಬೆಳಿಗ್ಗೆ 7.30ಕ್ಕೆ ಹೊರಟು ಖಾಸಗಿ ಬಸ್ಸಿನಲ್ಲಿ ಕೊಟ್ಟಿಗೆಹಾರ, ಅಲ್ಲಿಂದ ಸರ್ಕಾರಿ ಬಸ್ಸಿನಲ್ಲಿ ಮೂಡಿಗೆರೆ, ಮತ್ತೆ ಚಿಕ್ಕಮಗಳೂರು. ಒಟ್ಟು 60 ಕಿ.ಮೀ. ಹತ್ತೂಕಾಲಿಗೆ ತಲುಪಿ, ತೂಕ ನೋಡಿಸಿ, ಬಿ.ಪಿ. ಬರೆಸಿ, 12ಕ್ಕೆ ಯಂತ್ರ ಶುರು. 4ಕ್ಕೆ ಮುಗಿದ ಮೇಲೆ ಸೂಜಿ ತೆಗೆದ ಜಾಗವನ್ನು 15–20 ನಿಮಿಷ ಒತ್ತಿ ಹಿಡಿಯಬೇಕು, ಅರ್ಧ ಗಂಟೆ ಕುಳಿತಿರಬೇಕು. 5ರ ಬಸ್ಸು ಹಿಡಿದು ಮನೆ ಸೇರುವಾಗ ರಾತ್ರಿ ಎಂಟು.

ಕೈಯಿಂದ ಹೋಗುವ ದುಡ್ಡು: ಅವನ ಬಸ್ಸಿಗೆ ಹೋಗಿ ಬರಲು ₹180, ಇಬ್ಬರ ಊಟ ಕಾಫಿಗೆ ₹120. ಹೆಂಡತಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಶೂನ್ಯ. ಆದರೆ ಒಳಗಿನ ದಾರಿಯಲ್ಲಿ ಓಡುವ ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ, ಅಲ್ಲಿ ₹40. ಒಟ್ಟು ₹340. ರೋಗಿ ಹೆಂಗಸಾಗಿ, ಜೊತೆಗೆ ಹೋಗುವವಳೂ ಹೆಂಗಸಾಗಿದ್ದರೆ ಇದೇ ಲೆಕ್ಕ ₹200ಕ್ಕೆ ಇಳಿಯುತ್ತಿತ್ತು. ಕ್ಷೇತ್ರದಲ್ಲಿ ಅಂಕಿ ಬರೆಯುವವರು ರೋಗಿ ಯಾರು, ಜೊತೆಯವರು ಯಾರು, ಯಾವ ತುಂಡು ದಾರಿಗೆ ಯಾವ ಬಸ್ಸು ಎಂದು ಬೇರೆ ಬೇರೆ ಕೇಳಲೇಬೇಕು. "ಬಸ್ ಖರ್ಚು ಎಷ್ಟು?" ಎಂಬ ಒಂದೇ ಪ್ರಶ್ನೆಗೆ ಬರುವ ಉತ್ತರ ಯಾವುದಕ್ಕೂ ಉಪಯೋಗವಿಲ್ಲ. ಹೆಂಡತಿಯ ಶೂನ್ಯ ಟಿಕೆಟನ್ನೂ ಕವರಿನಲ್ಲಿ ಹಾಕಿಡಲು ಹೇಳಬೇಕು. ದುಡ್ಡಿಲ್ಲದ ಆ ಚೀಟಿಯಲ್ಲಿ ದಿನಾಂಕ, ಹತ್ತಿದ ಸಮಯ ಇರುತ್ತದೆ. ಹೋದ ದಿನ, ಹೋದ ಹೊತ್ತಿಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ.

ಈಗ ಇದೇ ಮನೆಗೆ ಸಂಜೆ ಪಾಳಿ ಸಿಕ್ಕಿದೆ ಎನ್ನಿ. ರಾತ್ರಿ 9ರ ಮೇಲೆ ಒಳಗಿನ ಊರಿಗೆ ಬಸ್ಸಿಲ್ಲ. ಬಾಡಿಗೆ ಕಾರಿಗೆ, ಅದು ಖಾಲಿ ತಿರುಗುವ ದೂರವೂ ಸೇರಿ, 120 ಕಿ.ಮೀ.ಗೆ ಕಿ.ಮೀ.ಗೆ ₹15ರಂತೆ ₹1,800. ಹೋಗುವಾಗಿನ ಬಸ್ಸು ಇಬ್ಬರದೂ ಸೇರಿ ₹110, ಊಟ ಎರಡು ಹೊತ್ತಿನದು ₹200. ಒಟ್ಟು ₹2,110. ವರ್ಷಕ್ಕೆ 156 ಸಲ ಎಂದರೆ ₹3,29,160. ಇಷ್ಟು ದುಡ್ಡನ್ನು ಈ ಮನೆ ಕೊಡುವುದಿಲ್ಲ, ಕೊಡಲು ಆಗುವುದಿಲ್ಲ. ಹಾಗಾಗಿ ಸಮೀಕ್ಷೆಯಲ್ಲಿ ಈ ಮೊತ್ತ ಎಲ್ಲೂ ಕಾಣಿಸಿಕೊಳ್ಳುವುದೂ ಇಲ್ಲ. ಕಾಣಿಸುವುದು ಹಾಜರಿ ಪುಸ್ತಕದಲ್ಲಿ, ತಪ್ಪಿಸಿಕೊಂಡ ದಿನಗಳಾಗಿ. ಖರ್ಚು ಕಡಿಮೆ ತೋರಿಸುವ ರೋಗಿಗಳ ಹಾಜರಿಯನ್ನು ಮೊದಲು ನೋಡಬೇಕು ಎನ್ನುವುದು ಅದಕ್ಕೇ.

ಮೂರನೆಯ ಸಲದ ಬೆಲೆ

ಮಲೆನಾಡಿನ ರೋಗಿಗಳು ವಾರಕ್ಕೆ ಮೂರರ ಬದಲು ಎರಡೇ ಸಲ ಬಂದಾಗ ಅದನ್ನು ಉದಾಸೀನ ಎಂದು ಕಡತದಲ್ಲಿ ಬರೆಯುವುದು ಸುಲಭ. ಲೆಕ್ಕ ಬೇರೆಯೇ ಹೇಳುತ್ತದೆ.

ಕೂಲಿ ದಿನಕ್ಕೆ ₹450, ಇಬ್ಬರಿಗೂ ವರ್ಷಕ್ಕೆ 300 ದಿನ ಕೆಲಸ ಎಂದು ಹಿಡಿಯೋಣ. ಕಾಯಿಲೆಗೆ ಮುಂಚೆ ಇಬ್ಬರದು ಸೇರಿ ₹2,70,000. ಈಗ ಅವನ ದುಡಿಮೆ ನಿಂತಿದೆ. ಅವಳು ವಾರಕ್ಕೆ ಮೂರು ದಿನ ಅವನ ಜೊತೆ ಹೋದರೆ 156 ದಿನ ಕಳೆದು 144 ದಿನ ಉಳಿಯುತ್ತದೆ, ₹64,800. ಗೃಹಲಕ್ಷ್ಮಿಯ ತಿಂಗಳಿಗೆ ₹2,000 ಸೇರಿಸಿದರೆ ₹88,800. ಪಡಿತರ ಅಕ್ಕಿ, ತಾಯಿಯ ಪಿಂಚಣಿ ಈ ಲೆಕ್ಕದ ಹೊರಗಿವೆ. ಖರ್ಚಿನ ಕಡೆ ಪ್ರಯಾಣ ಊಟಕ್ಕೆ 156 × ₹340 = ₹53,040. ಪ್ಯಾಕೇಜಿನ ಹೊರಗಿನ ಔಷಧಿಗೆ, ಎಂದರೆ ಬಿ.ಪಿ. ಮಾತ್ರೆ, ಕ್ಯಾಲ್ಸಿಯಂ, ರಂಜಕ ಹಿಡಿಯುವ ಮಾತ್ರೆಗಳಿಗೆ, ತಿಂಗಳಿಗೆ ₹1,800ರಂತೆ ₹21,600. ಎರಡೂ ಸೇರಿ ₹74,640. ವರ್ಷಕ್ಕೆ ಉಳಿಯುವುದು ₹14,160. ನಾಲ್ಕು ಜನ.

ವಾರಕ್ಕೆ ಎರಡೇ ಸಲ ಹೋದರೆ? ಅವಳಿಗೆ 196 ದಿನ ಕೂಲಿ, ₹88,200. ಗೃಹಲಕ್ಷ್ಮಿ ಸೇರಿ ₹1,12,200. ಪ್ರಯಾಣ ₹35,360, ಔಷಧಿ ₹21,600. ಉಳಿಯುವುದು ₹55,240. ಎರಡರ ನಡುವಿನ ವ್ಯತ್ಯಾಸ ₹41,080. "ಉಚಿತ"ವಾಗಿ ಕೊಟ್ಟ ಮೂರನೆಯ ಡಯಾಲಿಸಿಸ್‌ಗೆ ಈ ಮನೆ ಕಟ್ಟುವ ಬೆಲೆ ಅಷ್ಟು. ಅದರಲ್ಲಿ ₹23,400 ಅವಳ ಕೂಲಿ, ₹17,680 ದಾರಿಯ ಖರ್ಚು. ಔಷಧಿ ಅಂಗಡಿಗೆ ಹೋದದ್ದು ಒಂದು ರೂಪಾಯಿಯೂ ಇಲ್ಲ.

ಅವನ ನಿಂತುಹೋದ ಕೂಲಿಯನ್ನು ಈ ₹41,080ರಲ್ಲಿ ಸೇರಿಸಿಲ್ಲ, ಬೇಕೆಂದೇ. ಅದು ಕಾಯಿಲೆಯಿಂದ ಹೋದ ದುಡಿಮೆ, ಡಯಾಲಿಸಿಸ್‌ಗೆ ಹೋಗಿ ಬರುವುದರಿಂದ ಹೋದದ್ದಲ್ಲ. ಮೇಲಾಗಿ ಅವನ ಜೀವನದ ಗುಣಮಟ್ಟವನ್ನು ಇಕ್ಯೂ-5ಡಿ ಎಂಬ, ಆರೋಗ್ಯದ ಸ್ಥಿತಿ ಕೇಳುವ ಪ್ರಶ್ನಾವಳಿಯಿಂದ ಬೇರೆಯಾಗಿ ಅಳೆಯುವಾಗ, ದಿನನಿತ್ಯದ ಕೆಲಸ ಮಾಡಲಾಗದ ನಷ್ಟ ಅಲ್ಲಿ ಒಮ್ಮೆ ದಾಖಲಾಗುತ್ತದೆ. ಎರಡೂ ಕಡೆ ಸೇರಿಸಿದರೆ ಒಂದೇ ನಷ್ಟವನ್ನು ಎರಡು ಸಲ ಎಣಿಸಿದಂತೆ. ಸಾಲದ ವಿಷಯದಲ್ಲೂ ಇದೇ ಎಚ್ಚರ ಬೇಕು: ಸಂಘದ ಸಾಲವೋ ತೋಟದ ಮುಂಗಡವೋ ತಂದು ಬಸ್ಸಿಗೆ ಕೊಟ್ಟರೆ, ಬಸ್ಸಿನ ಖರ್ಚು ಬರೆದ ಮೇಲೆ ಅಸಲನ್ನು ಮತ್ತೆ ಬರೆಯಬಾರದು, ಬಡ್ಡಿ ಮಾತ್ರ ಬರೆಯಬೇಕು.

ದೇಹದ ಲೆಕ್ಕ ಈ ದುಡ್ಡಿನ ಲೆಕ್ಕಕ್ಕೆ ಎದುರಾಗಿ ಓಡುತ್ತದೆ. ಮೂತ್ರ ಹೋಗದವರಿಗೆ ದಿನಕ್ಕೆ ಒಂದು ಲೀಟರ್ ನೀರು ಮೈಯಲ್ಲಿ ನಿಲ್ಲುತ್ತದೆ ಎನ್ನಿ. ವಾರಕ್ಕೆ ಎರಡು ಸಲವಾದರೆ ಒಂದು ಸಲಕ್ಕೆ ಸರಾಸರಿ ಮೂರೂವರೆ ಲೀಟರ್ ತೆಗೆಯಬೇಕು. ಗಂಟೆಗೆ ಕೆ.ಜಿ. ತೂಕಕ್ಕೆ 13 ಮಿ.ಲೀ.ಗಿಂತ ವೇಗವಾಗಿ ತೆಗೆದರೆ ಹೃದಯಕ್ಕೆ ಅಪಾಯ ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. 55 ಕೆ.ಜಿ.ಯವನಿಗೆ ಗಂಟೆಗೆ 715, ನಾಲ್ಕು ಗಂಟೆಗೆ 2,860 ಮಿ.ಲೀ. ಮಿಕ್ಕ 640 ಮಿ.ಲೀ.ಗೆ ಇನ್ನೂ ಸುಮಾರು 55 ನಿಮಿಷ ಬೇಕು. ಆದರೆ 5 ಗಂಟೆಯ ಬಸ್ಸು ಕಾಯುವುದಿಲ್ಲ. ಆಗ ಎರಡರಲ್ಲಿ ಒಂದು ನಡೆಯುತ್ತದೆ. ವೇಗ ಹೆಚ್ಚಿಸಿ ತೆಗೆದರೆ ಬಿ.ಪಿ. ಕುಸಿದು, ಕಾಲು ಸೆಟೆದು, ಸಲೈನ್ ಹಾಕಿ ತೆಗೆದದ್ದನ್ನೇ ಒಳಗೆ ಬಿಡಬೇಕಾಗುತ್ತದೆ. ತೆಗೆಯದೆ ಬಿಟ್ಟರೆ ಮೂರನೆಯ ರಾತ್ರಿ ಉಸಿರು ಕಟ್ಟುತ್ತದೆ. ಅಂಥ ಒಂದು ತುರ್ತು ದಾಖಲಾತಿಗೆ ಹೆಂಡತಿ ಏಳೆಂಟು ದಿನ ಆಸ್ಪತ್ರೆಯಲ್ಲಿ ಕುಳಿತರೆ, ಎರಡೇ ಸಲ ಹೋಗಿ ಉಳಿಸಿದ ದಿನಗಳಲ್ಲಿ ಎರಡು ತಿಂಗಳಿನವು ಒಂದೇ ವಾರದಲ್ಲಿ ಕರಗುತ್ತವೆ.

ಅಳತೆಗೋಲಿನ ಕಣ್ಣಿಗೆ ಬೀಳದ್ದು

ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಕೊಡುವ ಪಾಲು 2014–15ರಲ್ಲಿ ಶೇ. 62.6 ಇದ್ದದ್ದು 2021–22ಕ್ಕೆ ಶೇ. 39.4ಕ್ಕೆ ಇಳಿದಿದೆ. ಇಳಿಕೆ ದೊಡ್ಡದು. ಆದರೆ ಮನೆಯವರು ಬಿಟ್ಟ ಕೂಲಿ ಆ ಲೆಕ್ಕಪತ್ರದೊಳಗೆ ಬರುವುದಿಲ್ಲ.

ಮನೆಯನ್ನು ಮುರಿಯುವ ವೆಚ್ಚ ಯಾವುದು ಎನ್ನಲು ಬಹುಕಾಲದಿಂದ ಬಳಕೆಯಲ್ಲಿರುವ ಗೆರೆಗಳು ಎರಡು: ಒಟ್ಟು ಬಳಕೆ ವೆಚ್ಚದ ಶೇ. 10 ಮತ್ತು ಶೇ. 25. ನಮ್ಮ ಮನೆಯ ಕಾಯಿಲೆಗೆ ಮುಂಚಿನ ವಾರ್ಷಿಕ ಬಳಕೆ ₹2,00,000 ಎಂದು ಹಿಡಿದರೆ, ಬರೀ ಔಷಧಿಯ ₹21,600 ಶೇ. 10.8, ಮೊದಲ ಗೆರೆಯನ್ನು ಹೇಗೋ ದಾಟುತ್ತದೆ. ಪ್ರಯಾಣ ಊಟ ಸೇರಿಸಿದರೆ ಶೇ. 37.3. ಛೇದದಲ್ಲಿ ಇನ್ನೊಂದು ತೊಡಕಿದೆ. ಕಾಯಿಲೆ ಬಂದ ಮೇಲಿನ ಬಳಕೆಯನ್ನು ಹಾಕಿದರೆ, ಸಾಲ ಮಾಡಿ ಖರ್ಚು ಮಾಡಿದ ಮನೆಯ ಬಳಕೆ ದೊಡ್ಡದಾಗಿ ಕಂಡು ಶೇಕಡಾವಾರು ಚಿಕ್ಕದಾಗುತ್ತದೆ. ಸಾಲ ಹೆಚ್ಚಾದಷ್ಟೂ ಮನೆ ಸುಖವಾಗಿದೆ ಎನ್ನುವ ಉತ್ತರ ಬರುತ್ತದೆ. ಅದಕ್ಕಾಗಿ ಸಾಲದ ಪಟ್ಟಿ ಬೇರೆಯಾಗಿ ಬರೆಸುವುದು ಕಡ್ಡಾಯ.

ಕೂಲಿಗೆ ಬೆಲೆ ಕಟ್ಟುವಾಗ ವರ್ಷಪೂರ್ತಿ ಒಂದೇ ದರ ಹಾಕುವುದೂ ತಪ್ಪು. ಕೊಯ್ಲಿನ ತಿಂಗಳುಗಳಲ್ಲಿ ಕೆ.ಜಿ. ಲೆಕ್ಕದಲ್ಲಿ ಹಣ್ಣು ಕೊಯ್ಯುವವಳು ₹700 ದುಡಿಯಬಹುದು. ಹನ್ನೆರಡು ವಾರದ 36 ಡಯಾಲಿಸಿಸ್ ದಿನಗಳಿಗೆ ₹250ರಂತೆ ₹9,000 ಹೆಚ್ಚುವರಿ ನಷ್ಟ. ಆಷಾಢದ ಮಳೆಯಲ್ಲಿ ಕೆಲಸವೇ ಇಲ್ಲದ ದಿನ ಅವಳು ಹೋದರೆ ಕೂಲಿ ನಷ್ಟ ಸೊನ್ನೆ. ಮಳೆಗಾಲದಲ್ಲಿ ಕೂಲಿ ನಷ್ಟ ಕಡಿಮೆಯಾಗಿ, ಮರ ಬಿದ್ದು ದಾರಿ ಕಟ್ಟುವುದು ಹೆಚ್ಚಾಗುತ್ತದೆ. ಕೊಯ್ಲಿನಲ್ಲಿ ದಾರಿ ಸಲೀಸು, ಕೂಲಿ ನಷ್ಟ ಜಾಸ್ತಿ. ಒಂದೇ ತಿಂಗಳು ಹೋಗಿ ಅಂಕಿ ತಂದು ಹನ್ನೆರಡರಿಂದ ಗುಣಿಸಿದ ಅಧ್ಯಯನ ಯಾವ ಕಡೆಗೆ ಬೇಕಾದರೂ ವಾಲಬಹುದು.

ಇಕ್ಯೂ-5ಡಿಯ ಐದು ಹಂತದ ಉತ್ತರಗಳಿರುವ ರೂಪವಾದ ಇಕ್ಯೂ-5ಡಿ-5ಎಲ್‌ಗೆ, ಉತ್ತರಗಳನ್ನು ಅಂಕವಾಗಿ ಬದಲಿಸುವ ಭಾರತದ್ದೇ ಮೌಲ್ಯಪಟ್ಟಿ 2022ರಲ್ಲಿ ಪ್ರಕಟವಾಗಿದೆ, ಅದನ್ನೇ ಬಳಸಬೇಕು. ಅದು ಕೇಳುವುದು "ಇವತ್ತು" ಹೇಗಿದ್ದೀರಿ ಎಂದು. ಯಂತ್ರದಿಂದ ಎದ್ದ ಕೂಡಲೇ ಕೇಳಿದರೆ ಸುಸ್ತಿನ ಉತ್ತರ ಬರುತ್ತದೆ. ವಾರದ ನಡುವೆ, ಡಯಾಲಿಸಿಸ್ ಇಲ್ಲದ ದಿನ ಮನೆಯಲ್ಲಿ ಕೇಳುವುದು ಮೇಲು. ಕೇಳಿದ ದಿನ ಯಾವುದು ಎಂದು ಹಾಳೆಯಲ್ಲಿ ಬರೆದಿರಬೇಕು.

ಮನೆಯೊಳಗಿನ ಆರೈಕೆಯ ಹೊತ್ತನ್ನು ಅಳೆಯುವುದು ಇದಕ್ಕಿಂತ ಕಷ್ಟ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ 134 ನಿಮಿಷ, ಗಂಡಸರು 76 ನಿಮಿಷ ಕಳೆದಿದ್ದಾರೆ. ನಮ್ಮ ಮನೆಯಲ್ಲಿ ತರಕಾರಿ ಹೆಚ್ಚಿ, ಬೇಯಿಸಿ, ಪೊಟ್ಯಾಷಿಯಂ ಇಳಿಯಲೆಂದು ಆ ನೀರು ಬಸಿದು ಚೆಲ್ಲಬೇಕು. ಕುಡಿಯುವ ನೀರನ್ನು ಬಾಟಲಿಯಲ್ಲಿ ಅಳೆದಿಡಬೇಕು. ಫಿಸ್ಟುಲಾ (ಡಯಾಲಿಸಿಸ್ ಸೂಜಿಗಾಗಿ ರಕ್ತನಾಳ ಜೋಡಿಸಿದ ಜಾಗ) ಇರುವ ಕೈಯಲ್ಲಿ ಜುಮುಜುಮು ಇದೆಯೇ ಎಂದು ದಿನಾ ಮುಟ್ಟಿ ನೋಡಬೇಕು. ಅಡುಗೆ ಮಾಡುತ್ತಲೇ ಅವನ ಮೇಲೆ ಕಣ್ಣಿಟ್ಟಿರುವ ಹೊತ್ತನ್ನು ಮುಖ್ಯ ಕೆಲಸ, ಜೊತೆ ಕೆಲಸ ಎಂದು ಎರಡು ಅಂಕಣದಲ್ಲಿ ಬರೆಯದಿದ್ದರೆ ದಿನ 24 ಗಂಟೆ ಮೀರುತ್ತದೆ.

ಇನ್ನು ಮಗಳು. ಕೊಯ್ಲಿನ ಕೂಲಿ ಬಿಡಲಾಗದೆ ಅಮ್ಮನ ಬದಲು ಅವಳನ್ನು ಕಳಿಸಿದರೆ, ಕೂಲಿ ನಷ್ಟದ ಅಂಕಣ ಸೊನ್ನೆಯಾಗುತ್ತದೆ. ಲೆಕ್ಕದಲ್ಲಿ ಮನೆಗೆ ಉಳಿತಾಯ. ದ್ವಿತೀಯ ಪಿಯುಸಿಯ ಹುಡುಗಿ ವಾರಕ್ಕೆ ಮೂರು ದಿನ ಕಾಲೇಜು ಬಿಟ್ಟದ್ದಕ್ಕೆ ಬೆಲೆ ಕಟ್ಟುವ ಕ್ರಮ ಬೇರೆಯೇ ಬೇಕು. ಕನಿಷ್ಠ ಬದಲಿ ಆಳಿನ ದರವನ್ನಾದರೂ ಹಾಕಿ, ಪಕ್ಕದಲ್ಲಿ "ಓದುವವಳು" ಎಂದು ಗುರುತು ಮಾಡಬೇಕು. ಈ ಸೊನ್ನೆಯನ್ನು ಹಾಗೆಯೇ ಬಿಡುವುದು ನಮ್ಮ ಮಟ್ಟಿಗೆ ಇಡೀ ಲೆಕ್ಕದಲ್ಲಿ ಆಗಬಹುದಾದ ಅತಿ ಕೆಟ್ಟ ತಪ್ಪು.

ಏನು ಬದಲಾಯಿಸಿದರೆ ಎಷ್ಟು ಉಳಿಯುತ್ತದೆ

ಮೂಡಿಗೆರೆಯಲ್ಲೇ ಜಾಗ ಸಿಕ್ಕಿತು ಎನ್ನಿ. ದೂರ ಅರ್ಧಕ್ಕಿಂತ ಕಡಿಮೆ. ಅವನ ಬಸ್ಸು ₹80, ಹೆಂಡತಿಯದು ₹40, ತಿಂಡಿ ₹60, ಒಟ್ಟು ₹180. ವರ್ಷಕ್ಕೆ ಉಳಿಯುವುದು ₹24,960. ಹೊತ್ತೂ ನಾಲ್ಕು ಗಂಟೆ ಉಳಿಯುತ್ತದೆ, ಆದರೆ ಅದರಿಂದ ಕೂಲಿ ಒಂದು ರೂಪಾಯಿಯೂ ವಾಪಸ್ಸು ಬರುವುದಿಲ್ಲ. ತೋಟದಲ್ಲಿ ಬೆಳಿಗ್ಗೆ ಮಸ್ಟರ್‌ಗೆ, ಎಂದರೆ ಹಾಜರಿ ಕರೆಯುವಾಗ, ನಿಲ್ಲದವರಿಗೆ ಆ ದಿನದ ಹಾಜರಿ ಇಲ್ಲ. ಹಾಜರಿ ಬರೆಯುವ ರೈಟರ್ ಮಧ್ಯಾಹ್ನ ಎರಡಕ್ಕೆ ಹೆಸರು ಬರೆದುಕೊಳ್ಳುವುದಿಲ್ಲ. ಗಂಟೆ ಲೆಕ್ಕದಲ್ಲಿ ಉಳಿತಾಯ ತೋರಿಸುವ ಅಧ್ಯಯನಗಳು ಎಡವುವುದು ಇಲ್ಲೇ: ದಿನಗೂಲಿಯನ್ನು ತುಂಡು ಮಾಡಲು ಬರುವುದಿಲ್ಲ.

ದೂರ ಕಡಿಮೆಯಾಗಿ, ಅವನು ಒಬ್ಬನೇ ಹೋಗಿ ಬರುವಂತಾದರೆ ಮಾತ್ರ ಲೆಕ್ಕ ತಿರುಗುತ್ತದೆ. ಒಬ್ಬನ ಖರ್ಚು ₹120, ವರ್ಷಕ್ಕೆ ₹18,720. ಔಷಧಿ ಸೇರಿ ₹40,320. ಅವಳಿಗೆ 300 ದಿನದ ಕೂಲಿ ₹1,35,000, ಗೃಹಲಕ್ಷ್ಮಿ ಸೇರಿ ₹1,59,000. ಉಳಿಯುವುದು ₹1,18,680. ₹14,160 ಎಲ್ಲಿ, ಇದು ಎಲ್ಲಿ. ಕೂಲಿಯನ್ನು ₹450ರ ಬದಲು ₹600 ಎಂದು ಹಿಡಿದರೆ ಜೊತೆಯವರ ದಿನಗಳ ಬೆಲೆ ₹70,200ರಿಂದ ₹93,600ಕ್ಕೆ ಏರುತ್ತದೆ. ಬಸ್ ಚಾರ್ಜನ್ನು ಶೇ. 20 ಏರಿಸಿದರೂ ಅದರ ಮುಂದೆ ಸಣ್ಣದು. ಪ್ರಕರಣದ ತಿರುಳು ಇದೇ: ಮನೆಯನ್ನು ತಿನ್ನುತ್ತಿರುವುದು ಜೊತೆಗೆ ಹೋಗುವವಳ ದಿನ.

ಹಾಗಾದರೆ ಜೊತೆ ಯಾಕೆ ಬೇಕು? ಅರ್ಧ ಕಾರಣ ದೇಹದ್ದು: ಬಿ.ಪಿ. ಇಳಿದು ತಲೆ ಸುತ್ತುವುದು, ಬಸ್ಸಿನಲ್ಲಿ ಸೂಜಿಯ ಜಾಗದಿಂದ ರಕ್ತ ಬರುವುದು. ಇದಕ್ಕೆ 20 ನಿಮಿಷ ಒತ್ತಿ ಹಿಡಿದು, ಅರ್ಧ ಗಂಟೆ ಕೂರಿಸಿ, ನಿಂತು ಮತ್ತು ಕೂತು ಎರಡು ಸಲ ಬಿ.ಪಿ. ನೋಡಿ ಕಳಿಸುವ ಕ್ರಮ ಬೇಕು. ಬಸ್ಸಿನ ಅವಸರಕ್ಕೆ ಮೊದಲು ಬಲಿಯಾಗುವುದೂ ಇದೇ ಅರ್ಧ ಗಂಟೆ. ಇನ್ನರ್ಧ ಕಾರಣ ಆಸ್ಪತ್ರೆಯೇ ಹುಟ್ಟಿಸಿದ್ದು: ಒಬ್ಬರು ಯಂತ್ರದಲ್ಲಿ ಮಲಗಿರುವಾಗ ಇನ್ನೊಬ್ಬರು ಅನುಮೋದನೆಯ ಕಾಗದ, ಔಷಧಿಯ ಸಾಲು, ರಕ್ತದ ವರದಿ ಎಂದು ಓಡಾಡಬೇಕು. ಈ ಕೆಲಸಗಳನ್ನು ಘಟಕದ ಒಬ್ಬ ಸಹಾಯಕ ಎಲ್ಲರ ಪರವಾಗಿ ಮಾಡಿದರೆ, ಗಟ್ಟಿಯಾಗಿರುವ ರೋಗಿಗಳಾದರೂ ಒಬ್ಬರೇ ಬರಬಹುದು. ಹಾಗೆ ಇಬ್ಬರು ಹೆಂಗಸರ ದಿನ ಉಳಿದರೂ ₹1,40,400 ಆಯಿತು.

ತಾಲ್ಲೂಕಿನಲ್ಲಿ ಜಾಗ ಸಿಗುವವರೆಗೆ ಕಾಯಬೇಕಾದ ಅಗತ್ಯವಿಲ್ಲದ ಕೆಲಸ ಪಾಳಿ ಹಂಚಿಕೆ. ನಾಲ್ಕು ಯಂತ್ರ, ಮೂರು ಪಾಳಿ, ಸೋಮ–ಬುಧ–ಶುಕ್ರ ಮತ್ತು ಮಂಗಳ–ಗುರು–ಶನಿ ಎಂದು ಎರಡು ಗುಂಪು: 24 ರೋಗಿಗಳು. ನಡುವಿನ ಪಾಳಿಯಲ್ಲಿ ಎಂಟೇ ಜಾಗ. ಮೊದಲು ಬಂದವರಿಗೆ ಮೊದಲು ಎಂದು ಹಂಚಿದರೆ ಊರೊಳಗಿನವರೂ ಅಲ್ಲಿ ತುಂಬಿಕೊಳ್ಳುತ್ತಾರೆ. ಪ್ರತಿ ರೋಗಿಯ ಊರಿನಿಂದ ಮೊದಲ ಬಸ್ಸು ಎಷ್ಟಕ್ಕೆ ಬಂದು ತಲುಪುತ್ತದೆ, ಊರಿಗೆ ಕೊನೆಯ ಬಸ್ಸು ಎಷ್ಟಕ್ಕೆ ಹೊರಡುತ್ತದೆ ಎಂಬ ಎರಡು ಹೊತ್ತನ್ನು ಬರೆದು, 7ರ ಪಾಳಿಗೂ ಬರಲಾಗದ, 9ರ ಮೇಲೆ ಹೋಗಲೂ ಆಗದವರಿಗೆ ಆ ಎಂಟು ಜಾಗ ಮೀಸಲಿಡಬೇಕು. ಹೆಪಟೈಟಿಸ್ ಇರುವವರ ಪ್ರತ್ಯೇಕ ಯಂತ್ರವನ್ನು ಈ ಅದಲುಬದಲಿಗೆ ಸೇರಿಸಬಾರದು. ಈ ಹಂಚಿಕೆ ಕೆಡುವುದು ಬೆಳಿಗ್ಗೆಯೇ: ಮೊದಲ ಪಾಳಿ 40 ನಿಮಿಷ ತಡವಾಗಿ ಶುರುವಾದರೆ ನಡುವಿನದು 12.40ಕ್ಕೆ ಜಾರಿ, 5ರ ಬಸ್ಸು ತಪ್ಪುತ್ತದೆ. ರಾಸಾಯನಿಕ ಶುದ್ಧೀಕರಣವನ್ನು ರಾತ್ರಿ ಕೊನೆಯ ಪಾಳಿ ಮುಗಿದ ಮೇಲೆಯೇ ಮುಗಿಸಿ, ಬೆಳಿಗ್ಗೆ ರಾಸಾಯನಿಕದ ಉಳಿಕೆ ಇಲ್ಲವೆಂದು ಪರೀಕ್ಷೆ ಮಾಡಿ 6.30ಕ್ಕೆ ಕೊಳವೆ ಕಟ್ಟಿರಬೇಕು.

ಮನೆಯಲ್ಲೇ ಹೊಟ್ಟೆಯೊಳಗೆ ದ್ರವ ತುಂಬಿ, ಬಸಿದು ಮಾಡಿಕೊಳ್ಳುವ ಡಯಾಲಿಸಿಸ್, ಸಿಎಪಿಡಿ, ಇನ್ನೊಂದು ದಾರಿ. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದಕ್ಕೆ ಮಾರ್ಗಸೂಚಿ ಬಂದದ್ದು 2019ರಲ್ಲಿ. ಬಸ್ಸಿನ ಲೆಕ್ಕ ಪೂರ್ತಿ ಹೋಗುತ್ತದೆ. ಆದರೆ ದಿನಕ್ಕೆ 2 ಲೀಟರಿನ ನಾಲ್ಕು ಚೀಲ ಎಂದರೆ ತಿಂಗಳಿಗೆ 120 ಚೀಲ, 240 ಲೀಟರ್ ದ್ರವ ಮನೆ ಬಾಗಿಲಿಗೆ ಬರಬೇಕು. ಜುಲೈ ತಿಂಗಳಲ್ಲಿ ಗೋಡೆಯೇ ಬೆವರುವ ಲೈನ್ ಮನೆಯಲ್ಲಿ ಅದನ್ನು ಒಣಗಿದ ಜಾಗದಲ್ಲಿ ಇಡಬೇಕು, ಒಲೆಯ ಹೊಗೆ ದೂಳು ಬಾರದ ಮೂಲೆಯಲ್ಲಿ ಚೀಲ ಬದಲಿಸಬೇಕು. ಕೈ ತೊಳೆಯುವುದು ಒಮ್ಮೆ ತಪ್ಪಿದರೂ ಹೊಟ್ಟೆಯ ಪೊರೆಗೆ ಸೋಂಕು ಬರಬಹುದು. ಹೋಲಿಕೆ ಮಾಡುವಾಗ ಒಂದು ಸಣ್ಣ ಕೋಣೆಗೆ ಗಿಲಾವು, ಹಂಚಿನ ಕೆಳಗೆ ತಗಡು, ಕೈ ತೊಳೆಯಲು ನಲ್ಲಿ, ಇವುಗಳ ವೆಚ್ಚವನ್ನೂ ಸೇರಿಸಬೇಕು. ಕಟ್ಟಿದ ವೆಚ್ಚವನ್ನು ಅದು ಬಾಳುವ ವರ್ಷಗಳಿಗೆ, ಶೇ. 3ರ ರಿಯಾಯಿತಿ ದರದಲ್ಲಿ (ಮುಂದಿನ ವರ್ಷಗಳ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸುವ ದರ) ಹಂಚುವುದು ಭಾರತದ ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನದ ಕ್ರಮ. ಲೈನ್ ಮನೆ ತೋಟದ ಮಾಲೀಕರದು, ಅದರಲ್ಲಿ ಆ ಕೋಣೆ ಕಟ್ಟಲು ಯಾರು ದುಡ್ಡು ಕೊಡಬೇಕು ಎಂಬುದನ್ನು ಮೊದಲೇ ಕೇಳಿ ಬರೆಯದಿದ್ದರೆ, ಈ ಸಾಲು ಮೂರೂ ಪುಸ್ತಕಗಳಿಂದ ಬಿಟ್ಟುಹೋಗುತ್ತದೆ.

ಲೆಕ್ಕವನ್ನು ಕೊಯ್ಲು ಶುರುವಾದಾಗ ಒಮ್ಮೆ, ಮಳೆ ಹಿಡಿದಾಗ ಒಮ್ಮೆ ಮತ್ತೆ ಮಾಡಬೇಕು. ಎರಡೂ ಸಲ ಕೇಳಬೇಕಾದವು ಇಷ್ಟು: ಹೋದ ವಾರ ಎಷ್ಟು ಸಲ ಹೋದಿರಿ, ಜೊತೆಗೆ ಹೋದವರು ಯಾರು, ಆ ದಿನ ತೋಟದಲ್ಲಿ ಮಸ್ಟರ್ ಇತ್ತೇ, ಮಗಳು ಕಾಲೇಜಿಗೆ ಹೋಗಿದ್ದಳೇ.